ಪಾಪಾಯ್ ಮತ್ತು ಸಿಂದಬಾದ್: 1936ರ ಬಣ್ಣದ ಕಾರ್ಟೂನೊಂದನ್ನು ಕನ್ನಡಕ್ಕೆ ತರುವ ಕ್ರಮ

ನ್ಯೂಯಾರ್ಕಿನ ಫ್ಲೈಶರ್ ಸ್ಟುಡಿಯೋ ತಯಾರಿಸಿ, ಪ್ಯಾರಮೌಂಟ್ ಸಂಸ್ಥೆ 1936ರ ನವೆಂಬರ್ 27ರಂದು ಬಿಡುಗಡೆ ಮಾಡಿದ ‘ಪಾಪಾಯ್ ದ ಸೇಲರ್ ಮೀಟ್ಸ್ ಸಿಂದಬಾದ್ ದ ಸೇಲರ್’ ಎಂಬುದು ಸುಮಾರು ಹದಿನಾರು ನಿಮಿಷಗಳ, ಎರಡು ರೀಲಿನ ಬಣ್ಣದ ಕಾರ್ಟೂನ್. ಪಾಲಕ್ ಸೊಪ್ಪು ತಿಂದೊಡನೆ ಮೈಯಲ್ಲಿ ಬಲ ಬರುವ ನಾವಿಕ ಪಾಪಾಯ್ ಇದರ ನಾಯಕ. ಏಳೆಂಟು ನಿಮಿಷಕ್ಕೆ ಮುಗಿದುಹೋಗುತ್ತಿದ್ದ ಕಪ್ಪುಬಿಳುಪಿನ ಪಾಪಾಯ್ ಚಿತ್ರಗಳ ನಡುವೆ ಇದು ವಿಶೇಷ ಚಿತ್ರವಾಗಿ ಬಂತು, ಆಸ್ಕರ್ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತು, ಪ್ರಶಸ್ತಿ ಮಾತ್ರ ಆ ವರ್ಷ ಡಿಸ್ನಿಯ ಪಾಲಾಯಿತು. 2004ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನು ಸಂರಕ್ಷಿಸಬೇಕಾದ ಚಲನಚಿತ್ರಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. ಇಷ್ಟು ಹೆಸರಾದ ಈ ಚಿತ್ರ ಈಗ ಸಾರ್ವಜನಿಕ ಸ್ವತ್ತು. ಅದನ್ನು ಇಳಿಸಿಕೊಳ್ಳಲು, ತೋರಿಸಲು, ಕನ್ನಡದ ಮಾತು ಸೇರಿಸಿ ಮತ್ತೆ ಹಂಚಲು ಯಾರ ಅಪ್ಪಣೆಯೂ ಬೇಕಾಗಿಲ್ಲ.

ಆದರೆ ಚಿತ್ರವೊಂದು ಸಾರ್ವಜನಿಕ ಸ್ವತ್ತಾದ ಮಾತ್ರಕ್ಕೆ ಅದರೊಳಗಿನ ಹಾಡು, ಪಾತ್ರದ ಹೆಸರು, ಮರುಸಂಸ್ಕರಿಸಿದ ಡಿವಿಡಿ ಪ್ರತಿ ಎಲ್ಲವೂ ಒಟ್ಟಿಗೇ ಮುಕ್ತವಾದವು ಎಂದು ತಿಳಿಯಬಾರದು. ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಬೇಕು. ಶಾಲೆಯ ಮಕ್ಕಳಿಗೆ, ಹೊರದೇಶದಲ್ಲಿ ಕನ್ನಡ ಕಲಿಯುತ್ತಿರುವ ಮಕ್ಕಳಿಗೆ ಅಥವಾ ಮನೆಯವರಿಗೆ ಈ ಕಾರ್ಟೂನನ್ನು ಕನ್ನಡದಲ್ಲಿ ಕಾಣಿಸಬೇಕೆನ್ನುವವರು ಯಾವ ಕೆಲಸವನ್ನು ಯಾವುದರ ನಂತರ ಮಾಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಹಕ್ಕಿನ ಲೆಕ್ಕ

ಅಮೆರಿಕದ 1909ರ ಕೃತಿಸ್ವಾಮ್ಯ ಕಾಯ್ದೆಯಂತೆ ಪ್ರಕಟವಾದ ಕೃತಿಗೆ ಮೊದಲು ದೊರೆಯುತ್ತಿದ್ದುದು 28 ವರ್ಷಗಳ ರಕ್ಷಣೆ. ಇಪ್ಪತ್ತೆಂಟನೆಯ ವರ್ಷದಲ್ಲಿ ಮಾಲೀಕರು ಅರ್ಜಿ ಹಾಕಿ ನವೀಕರಿಸಿಕೊಂಡರೆ ಎರಡನೆಯ ಅವಧಿ ಆರಂಭವಾಗುತ್ತಿತ್ತು, ಇಲ್ಲವಾದರೆ ಕೃತಿ ಸಾರ್ವಜನಿಕ ಸ್ವತ್ತಾಗುತ್ತಿತ್ತು. ಸಿಂದಬಾದ್ ಚಿತ್ರದ ನವೀಕರಣ 1964ರ ಹೊತ್ತಿಗೆ ಆಗಬೇಕಿತ್ತು, ಆಗಲಿಲ್ಲ. ಆಗಿದ್ದರೆ ಅದು 95 ವರ್ಷಗಳ ಲೆಕ್ಕದಲ್ಲಿ 2031ರ ಕೊನೆಯವರೆಗೂ ರಕ್ಷಣೆಯಲ್ಲಿ ಇರುತ್ತಿತ್ತು. ಪಾಪಾಯ್‌ನ ಇನ್ನೆರಡು ಬಣ್ಣದ ವಿಶೇಷ ಚಿತ್ರಗಳ, ಅಂದರೆ 1937ರ ಆಲಿಬಾಬಾ ಮತ್ತು 1939ರ ಅಲ್ಲಾವುದ್ದೀನ್ ಚಿತ್ರಗಳ ಕಥೆಯೂ ಇದೇ. ಆದರೆ ಅದೇ ಸ್ಟುಡಿಯೋದ ಬೇರೆಲ್ಲ ಪಾಪಾಯ್ ಚಿತ್ರಗಳನ್ನೂ ಇದೇ ತಕ್ಕಡಿಯಲ್ಲಿ ತೂಗಬೇಡಿ, ಅವುಗಳಲ್ಲಿ ನವೀಕರಣಗೊಂಡವು ಬಹಳಷ್ಟಿವೆ.

ಇದನ್ನು ನೀವೇ ಪರಿಶೀಲಿಸಬಹುದು. ಅಮೆರಿಕದ ಕೃತಿಸ್ವಾಮ್ಯ ಕಚೇರಿ ವರ್ಷವರ್ಷವೂ ಪ್ರಕಟಿಸುತ್ತಿದ್ದ ನೋಂದಣಿ ಪಟ್ಟಿಗಳ ಸ್ಕ್ಯಾನ್ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಅವುಗಳಲ್ಲಿ ಚಲನಚಿತ್ರಗಳಿಗೆ ಮೀಸಲಾದ ಭಾಗವನ್ನು ತೆರೆದು, 1963ರಿಂದ 1965ರವರೆಗಿನ ಸಂಪುಟಗಳ ನವೀಕರಣ ವಿಭಾಗದಲ್ಲಿ ಚಿತ್ರದ ಹೆಸರನ್ನು ಹುಡುಕಿ. ಒಂದು ಸಂಜೆ ಸಾಕಾಗುವ ಕೆಲಸ. ಯಾವುದೋ ವಿಡಿಯೊದ ಕೆಳಗೆ ಯಾರೋ ‘ಇದು ಉಚಿತ’ ಎಂದು ಬರೆದಿದ್ದನ್ನು ನಂಬಿ ಮುಂದುವರಿಯುವುದಕ್ಕಿಂತ ಈ ಪುಟಗಳನ್ನು ಕಣ್ಣಾರೆ ನೋಡುವುದು ಎಷ್ಟೋ ಮೇಲು.

ಇನ್ನು ಭಾರತದ ಲೆಕ್ಕ. 1957ರ ಕೃತಿಸ್ವಾಮ್ಯ ಕಾಯ್ದೆಯ 26ನೆಯ ಕಲಮಿನಂತೆ ಚಲನಚಿತ್ರದ ಹಕ್ಕು ಅದು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ ಉಳಿಯುತ್ತದೆ. 1936ರ ಚಿತ್ರಕ್ಕೆ ಈ 60 ವರ್ಷಗಳ ಲೆಕ್ಕ ಹಿಡಿದರೂ ಗಡುವು 1996ರ ಡಿಸೆಂಬರ್ 31ಕ್ಕೇ ಮುಗಿದಿದೆ. ಪಾಪಾಯ್ ಪಾತ್ರ ಹುಟ್ಟಿದ ಮೂಲ ಕಾಮಿಕ್ಸ್‌ನ ಕರ್ತೃ ಎಲ್ಜಿ ಸೀಗರ್ 1938ರಲ್ಲಿ ತೀರಿಕೊಂಡರು. ಲೇಖಕರ ಮರಣಾನಂತರ 60 ವರ್ಷ ಎಂಬ ನಮ್ಮ ನಿಯಮದಂತೆ ಲೆಕ್ಕ ಹಾಕಿದರೂ ಅವರ ಕೃತಿಗಳ ರಕ್ಷಣೆ 1998ರ ಕೊನೆಗೇ ತೀರಿದೆ. ಅಮೆರಿಕದಲ್ಲಿ ಪಾಪಾಯ್ ಪಾತ್ರದ 1929ರ ಮೊದಲ ರೂಪ ಮುಕ್ತವಾದದ್ದು 2025ರ ಜನವರಿ 1ರಂದು.

ತೊಡಕಿರುವುದು ಎರಡು ಕಡೆ. ಒಂದು, ಹಾಡು. ಎಲ್ಲರ ಬಾಯಲ್ಲಿರುವ ಪಾಪಾಯ್‌ನ ಗುರುತಿನ ಹಾಡನ್ನು 1933ರಲ್ಲಿ ರಚಿಸಿದವರು ಸ್ಯಾಮಿ ಲರ್ನರ್. ಅವರು ತೀರಿಕೊಂಡದ್ದು 1989ರಲ್ಲಿ. ಹಾಡಿನ ಹಕ್ಕು ಚಿತ್ರದ ಹಕ್ಕಿಗಿಂತ ಬೇರೆಯಾಗಿಯೇ ನಡೆಯುವಂಥದ್ದು. ಆದ್ದರಿಂದ ಆ ಹಾಡನ್ನು ಚಿತ್ರದಲ್ಲಿ ಇದ್ದಂತೆಯೇ ಬಿಟ್ಟುಬಿಡಿ. ಅದಕ್ಕೆ ಕನ್ನಡದ ಸಾಹಿತ್ಯ ಹೊಂದಿಸಿ ಹೊಸದಾಗಿ ಹಾಡಿಸುವ ಆಸೆಗೆ ಬೀಳಬೇಡಿ. ಎರಡು, ಹೆಸರು. ಪಾಪಾಯ್ ಎಂಬ ಹೆಸರು ಮತ್ತು ಆಕೃತಿ ಅಮೆರಿಕದ ಕಿಂಗ್ ಫೀಚರ್ಸ್ ಸಂಸ್ಥೆಯ ಟ್ರೇಡ್‌ಮಾರ್ಕ್ ಆಗಿ ಇಂದಿಗೂ ಚಾಲ್ತಿಯಲ್ಲಿವೆ. ಚಿತ್ರವನ್ನು ಅದರ ಹೆಸರಿನಿಂದಲೇ ಕರೆದು ತೋರಿಸಲು ಇದು ಅಡ್ಡಿಯಲ್ಲ, ಆದರೆ ನಿಮ್ಮ ಚಾನೆಲ್ಲಿನ ಹೆಸರು, ಲಾಂಛನ, ಮಾರಾಟದ ಅಂಗಿ, ಲೋಟಗಳ ಮೇಲೆ ಆತನ ಮುಖವನ್ನು ಹಾಕಿಕೊಂಡರೆ ವ್ಯಾಜ್ಯವನ್ನು ಮನೆಗೆ ಕರೆದಂತಾಗುತ್ತದೆ.

ಎರಡನೆಯ ಹೆಜ್ಜೆ: ಒಳ್ಳೆಯ ಪ್ರತಿಯನ್ನು ಹುಡುಕುವುದು

ಇಂಟರ್ನೆಟ್ ಆರ್ಕೈವ್‌ನಲ್ಲಿ ಈ ಚಿತ್ರದ ಹಲವು ಪ್ರತಿಗಳಿವೆ, ಗುಣಮಟ್ಟ ಮಾತ್ರ ಒಂದರದು ಒಂದರಂತಿಲ್ಲ. ಮೊದಲು ಸಿಕ್ಕಿದ್ದನ್ನೇ ಇಳಿಸಿಕೊಳ್ಳದೆ ಮೂರು ನಾಲ್ಕು ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಬಣ್ಣವನ್ನು ನೋಡುವಾಗ ಅದು ಹುಟ್ಟಿದ ಬಗೆ ತಿಳಿದಿದ್ದರೆ ಒಳ್ಳೆಯದು. ಮೂರು ಬಣ್ಣಗಳ ಟೆಕ್ನಿಕಲರ್ ವಿಧಾನವನ್ನು ಕಾರ್ಟೂನುಗಳಲ್ಲಿ ಬಳಸುವ ಹಕ್ಕು 1935ರ ಕೊನೆಯವರೆಗೆ ಡಿಸ್ನಿಯೊಬ್ಬರಿಗೇ ಇತ್ತು. ಅಲ್ಲಿಯವರೆಗೆ ಫ್ಲೈಶರ್ ಸಹೋದರರು ಎರಡೇ ಬಣ್ಣಗಳ ವಿಧಾನಗಳಲ್ಲಿ ಕೈಕಟ್ಟಿಕೊಂಡು ಕೆಲಸ ಮಾಡಬೇಕಾಯಿತು. ಆ ಕಟ್ಟು ಬಿಚ್ಚಿದ ವರ್ಷವೇ ಬಂದ ಚಿತ್ರ ಇದು. ಸಿಂದಬಾದನ ಗುಹೆಯ ಕೆಂಪು, ಸಮುದ್ರದ ನೀಲಿ, ಬಂಡೆಗಳ ಕಂದು ಒಂದಕ್ಕೊಂದು ಬೆರೆಯದೆ ನಿಚ್ಚಳವಾಗಿ ನಿಲ್ಲುವುದು ಆ ವಿಧಾನದ ಗುಣ. ಟೆಕ್ನಿಕಲರ್‌ನ ಮೂಲ ಪ್ರಿಂಟುಗಳಲ್ಲಿ ಬಣ್ಣವನ್ನು ಅಚ್ಚಿನಂತೆ ಒಂದೊಂದಾಗಿ ಒತ್ತುತ್ತಿದ್ದುದರಿಂದ ಅದು ದಶಕಗಳ ಕಾಲ ಮಾಸದೆ ಉಳಿಯುತ್ತದೆ. ಆದರೆ ಮುಂದೆ ಅಗ್ಗದ ಬಣ್ಣದ ಫಿಲಂಗೆ ನಕಲು ಮಾಡಿದ ಪ್ರಿಂಟುಗಳಲ್ಲಿ ನೀಲಿ ಮತ್ತು ಹಸಿರು ಮೊದಲು ಮಾಸಿ ಇಡೀ ದೃಶ್ಯ ಗುಲಾಬಿಗೆ ತಿರುಗುತ್ತದೆ. ಸಮುದ್ರವೇ ನಸುಗೆಂಪಾಗಿ ಕಂಡರೆ ಆ ಪ್ರತಿಯನ್ನು ಬದಿಗಿಡಿ. ಮಾಸಿಹೋದ ಬಣ್ಣವನ್ನು ಗಣಕದಲ್ಲಿ ಎಷ್ಟು ತಿದ್ದಿದರೂ ಇಲ್ಲವಾದದ್ದು ಮರಳಿ ಬರುವುದಿಲ್ಲ.

ಆಮೇಲೆ ಆರಂಭದ ಹೆಸರುಫಲಕ ನೋಡಿ. 1956ರಲ್ಲಿ ಪಾಪಾಯ್ ಚಿತ್ರಗಳನ್ನು ಟಿವಿ ವಿತರಣೆಗಾಗಿ ಕೊಂಡ ಅಸೋಸಿಯೇಟೆಡ್ ಆರ್ಟಿಸ್ಟ್ಸ್ ಸಂಸ್ಥೆ ಪ್ಯಾರಮೌಂಟಿನ ಪರ್ವತದ ಲಾಂಛನವನ್ನು ತೆಗೆದು ತನ್ನದನ್ನು ಹಾಕಿತು. ಪ್ಯಾರಮೌಂಟ್ ಫಲಕ ಉಳಿದಿರುವ ಪ್ರತಿ ಸಿಕ್ಕರೆ ಅದೇ ಉತ್ತಮ. ಅವಧಿಯನ್ನೂ ಹೋಲಿಸಿ: ಯುರೋಪಿನ ಟಿವಿ ವೇಗಕ್ಕೆ, ಅಂದರೆ ಸೆಕೆಂಡಿಗೆ 25 ಚೌಕಟ್ಟಿಗೆ (ಫ್ರೇಮ್) ಏರಿಸಿದ ಪ್ರತಿ ಮೂಲದ 24 ಚೌಕಟ್ಟಿನ ಪ್ರತಿಗಿಂತ ಸುಮಾರು ನಲವತ್ತು ಸೆಕೆಂಡು ಮೊದಲೇ ಮುಗಿಯುತ್ತದೆ, ಧ್ವನಿಯೂ ಸ್ವಲ್ಪ ಕೀಚಲಾಗುತ್ತದೆ. ಚಿತ್ರದ ಆಕಾರ ಹೆಚ್ಚುಕಡಿಮೆ ಚೌಕ. ಅದನ್ನು ಇಂದಿನ ಅಗಲ ಪರದೆಗೆ ಎಳೆದಿದ್ದರೆ ಪಾಪಾಯ್ ಕುಳ್ಳನಾಗುತ್ತಾನೆ, ಮೇಲುಕೆಳಗೆ ಕತ್ತರಿಸಿದ್ದರೆ ರಾಕ್ಷಸನ ತಲೆಯೇ ಹೋಗುತ್ತದೆ. ಎರಡೂ ಬೇಡ, ಎಡಬಲದಲ್ಲಿ ಕಪ್ಪು ಪಟ್ಟಿ ಇದ್ದರೆ ಇರಲಿ.

2007ರಲ್ಲಿ ವಾರ್ನರ್ ಸಂಸ್ಥೆ ಹೊರತಂದ ಡಿವಿಡಿ ಸಂಪುಟದಲ್ಲಿ ಈ ಚಿತ್ರದ ಸೊಗಸಾದ ಮರುಸಂಸ್ಕರಿಸಿದ ಪ್ರತಿ ಇದೆ. ಬಣ್ಣ ಹೇಗಿರಬೇಕೆಂದು ತಿಳಿಯಲು ಅದನ್ನು ಕೊಂಡು ನೋಡಿ, ಕೆಲಸಕ್ಕೆ ಮಾತ್ರ ಬಳಸಬೇಡಿ. ಡಿಸ್ಕಿನ ಬೀಗ ಒಡೆದು ತೆಗೆಯುವುದು ಬೇರೆಯೇ ಅಪರಾಧವಾದೀತು.

ಯಂತ್ರದಿಂದ ರೇಖೆಗಳನ್ನು ‘ಚೊಕ್ಕ’ಗೊಳಿಸಿ, ಸೆಕೆಂಡಿಗೆ 60 ಚೌಕಟ್ಟಿಗೆ ಏರಿಸಿದ ಪ್ರತಿಗಳೂ ಹರಿದಾಡುತ್ತಿವೆ. ಅವುಗಳನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಕಲಾವಿದ ಕೈಯಿಂದ ಬರೆದ ಎರಡು ಚಿತ್ರಗಳ ನಡುವೆ ಯಂತ್ರ ತನ್ನ ಊಹೆಯ ಚಿತ್ರವನ್ನು ತುರುಕಿದಾಗ, ಏಟು ಬಿದ್ದ ಕ್ಷಣದ ಬಿರುಸೇ ಕರಗಿಹೋಗುತ್ತದೆ.

ಮೂರನೆಯ ಹೆಜ್ಜೆ: ಅನುವಾದಕ್ಕೆ ಮುನ್ನ ನೋಡುವುದು

ಒಮ್ಮೆ ಧ್ವನಿ ಮುಚ್ಚಿ ನೋಡಿ, ಮತ್ತೊಮ್ಮೆ ಕಣ್ಣು ಮುಚ್ಚಿ ಕೇಳಿ. ಕಥೆ ಸರಳವಾದದ್ದು. ಸಿಂಹ, ಸರ್ಪ, ರಾಕ್ ಎಂಬ ದೈತ್ಯ ಹಕ್ಕಿ, ಎರಡು ತಲೆಯ ರಾಕ್ಷಸ ಬೂಲಾ ಇವರನ್ನೆಲ್ಲ ಅಡಿಯಾಳಾಗಿಸಿಕೊಂಡ ಸಿಂದಬಾದ್ ತನ್ನ ದ್ವೀಪದಲ್ಲಿ ತನ್ನ ಹಿರಿಮೆಯನ್ನು ತಾನೇ ಹಾಡಿಕೊಳ್ಳುತ್ತಾನೆ. ದೂರದ ಹಡಗಿನಲ್ಲಿ ಇನ್ನೊಬ್ಬ ನಾವಿಕ ಹಾಡುವುದು ಕೇಳಿಸುತ್ತದೆ. ಅಷ್ಟಕ್ಕೇ ಕೆರಳಿ, ಹಡಗನ್ನು ಮುಳುಗಿಸಿ ಪಾಪಾಯ್‌ನ ಗೆಳತಿ ಆಲಿವ್ ಆಯಿಲ್‌ಳನ್ನು ಎತ್ತಿಕೊಂಡು ಬರಲು ಹಕ್ಕಿಯನ್ನು ಅಟ್ಟುತ್ತಾನೆ. ಪಾಪಾಯ್ ದಡ ಸೇರಿ ಹಕ್ಕಿಯನ್ನೂ ರಾಕ್ಷಸನನ್ನೂ ಸೋಲಿಸಿ, ಕೊನೆಗೆ ಸಿಂದಬಾದನ ಕೈಯಲ್ಲಿ ನಜ್ಜುಗುಜ್ಜಾಗುವ ಹೊತ್ತಿಗೆ ಪಾಲಕ್ ಸೊಪ್ಪಿನ ಡಬ್ಬಿಯನ್ನು ತೆರೆಯುತ್ತಾನೆ.

ಗಮನವಿಟ್ಟು ನೋಡಬೇಕಾದ ಭಾಗ ಸಿಂದಬಾದ್ ಗುಹೆಯೊಳಗೆ ಹಾಡುತ್ತ ನಡೆಯುವುದು. ಆತ ಹೆಜ್ಜೆ ಹಾಕಿದಂತೆ ಹಿಂದಿನ ಬಂಡೆಗಳು ನಿಜವಾದ ಕಲ್ಲುಗಳ ಹಾಗೆ ಒಂದರ ಹಿಂದೊಂದು ಸರಿಯುತ್ತವೆ, ಅವುಗಳ ಮೇಲೆ ಬೆಳಕೂ ನೆರಳೂ ಇವೆ. ಅದು ಬರೆದ ಹಿನ್ನೆಲೆಯಲ್ಲ. ಮ್ಯಾಕ್ಸ್ ಫ್ಲೈಶರ್ ರೂಪಿಸಿದ ‘ಸ್ಟೀರಿಯಾಪ್ಟಿಕಲ್’ ಎಂಬ ವಿಧಾನದಲ್ಲಿ, ತಿರುಗುವ ದೊಡ್ಡ ಮೇಜಿನ ಮೇಲೆ ಗುಹೆಯ ಪುಟ್ಟ ಮಾದರಿಯನ್ನು ಕಟ್ಟಿ, ಅದರ ಮುಂದೆ ಪಾತ್ರದ ಚಿತ್ರ ಬರೆದ ಪಾರದರ್ಶಕ ಹಾಳೆಯನ್ನು ನೆಟ್ಟಗೆ ನಿಲ್ಲಿಸಿ, ಎರಡನ್ನೂ ಒಟ್ಟಿಗೇ ಸೆರೆಹಿಡಿಯುತ್ತಿದ್ದರು. ಪ್ರತಿ ಚೌಕಟ್ಟಿಗೂ ಮೇಜನ್ನು ಒಂದಿಷ್ಟೇ ತಿರುಗಿಸಿ ಮುಂದಿನ ಹಾಳೆಯನ್ನು ಇಡಬೇಕಿತ್ತು. ಮಕ್ಕಳಿಗೆ ಇದನ್ನು ಹೇಳಿ ದೃಶ್ಯವನ್ನು ನಿಲ್ಲಿಸಿ ತೋರಿಸಿದರೆ ಅವರು ಹತ್ತಿರ ಬಂದು ನೋಡುತ್ತಾರೆ. ಈ ದೃಶ್ಯಗಳ ಮೇಲೆ ಉಪಶೀರ್ಷಿಕೆಯ ದಪ್ಪ ಪಟ್ಟಿ ಕೂರಿಸಿ ಹಿನ್ನೆಲೆಯನ್ನು ಮುಚ್ಚಬೇಡಿ ಎಂಬುದು ನನ್ನ ಕೋರಿಕೆ.

ಜೊತೆಗೆ ಯಾರಿಗೆ ತೋರಿಸುತ್ತಿದ್ದೀರಿ ಎಂಬುದನ್ನೂ ಯೋಚಿಸಿ. ಚಿತ್ರದಲ್ಲಿ ಹೊಡೆದಾಟ ಸಾಕಷ್ಟಿದೆ, ಹೆಣ್ಣನ್ನು ಹೊತ್ತೊಯ್ಯುವ ಪ್ರಸಂಗವಿದೆ, ಪಾಪಾಯ್‌ನ ಗೆಳೆಯ ವಿಂಪಿ ಮಾಂಸ ಅರೆಯುವ ಕೈಯಂತ್ರ ಹಿಡಿದು ಬಾತುಕೋಳಿಯ ಹಿಂದೆ ಬೀಳುತ್ತಾನೆ, ಪಾಪಾಯ್ ಹಕ್ಕಿಯನ್ನು ಹುರಿದೇ ತರುತ್ತಾನೆ. ಅರಬರ ಕಥಾಲೋಕದ ನಾವಿಕನೊಬ್ಬನನ್ನು ಒರಟ ದಾಂಡಿಗನಾಗಿ ಮಾಡಿದ್ದೂ ಆ ಕಾಲದ ಅಮೆರಿಕದ ದೃಷ್ಟಿಯೇ. ಅರೇಬಿಯನ್ ನೈಟ್ಸ್ ಕಥೆಗಳ ಸಿಂದಬಾದ್ ಏಳು ಸಲ ಕಡಲೇರಿ, ಬುದ್ಧಿ ಮತ್ತು ಅದೃಷ್ಟದಿಂದ ಬದುಕಿ ಬಂದ ವ್ಯಾಪಾರಿ ಎಂಬುದನ್ನು ಚಿತ್ರಕ್ಕೆ ಮೊದಲೇ ಮಕ್ಕಳಿಗೆ ಹೇಳಿದರೆ ಅವರಿಗೆ ಎರಡೂ ದಕ್ಕುತ್ತವೆ. ದೃಶ್ಯಗಳನ್ನು ಕತ್ತರಿಸುವುದಕ್ಕಿಂತ ಇದು ಒಳ್ಳೆಯ ದಾರಿ.

ನಾಲ್ಕನೆಯ ಹೆಜ್ಜೆ: ಕನ್ನಡದ ಮಾತು ಬರೆಯುವುದು

ಪಾಪಾಯ್‌ಗೆ ಧ್ವನಿ ಕೊಟ್ಟ ಜ್ಯಾಕ್ ಮರ್ಸರ್ ಬಾಯೊಳಗೇ ಗೊಣಗುವ ಮಾತುಗಳಿಗೆ ಹೆಸರಾದವರು. ಫ್ಲೈಶರ್ ಸ್ಟುಡಿಯೋದಲ್ಲಿ ಚಿತ್ರ ಬರೆದು ಮುಗಿದ ಮೇಲೆ ಪರದೆ ನೋಡುತ್ತ ಮಾತು ಸೇರಿಸುವುದು ರೂಢಿಯಾಗಿದ್ದರಿಂದ ಈ ಗೊಣಗಾಟಕ್ಕೆ ತುಟಿ ಅಲ್ಲಾಡುವುದೇ ಇಲ್ಲ. ಕನ್ನಡಕ್ಕೆ ತರುವವರಿಗೆ ಇದು ದೊಡ್ಡ ಅನುಕೂಲ. ತುಟಿಚಲನೆಗೆ ಮಾತನ್ನು ಹೊಂದಿಸುವ ಕಷ್ಟ ಬಹುಪಾಲು ಇಲ್ಲ, ಸನ್ನಿವೇಶಕ್ಕೆ ಒಪ್ಪುವ ಗೊಣಗಾಟವನ್ನು ನೀವು ಸ್ವತಂತ್ರವಾಗಿ ಬರೆಯಬಹುದು.

ಮೊದಲು ಸಮಯಸಹಿತವಾಗಿ ಇಂಗ್ಲಿಷಿನ ಮಾತುಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಬರೆದುಕೊಳ್ಳಿ, ಪಕ್ಕದಲ್ಲಿ ಅದು ಕಥೆಗೆ ಬೇಕಾದ ಮಾತೋ, ಬರೀ ಗೊಣಗಾಟವೋ ಗುರುತು ಹಾಕಿ. ಪಾಪಾಯ್‌ನ ಮಾತು ವ್ಯಾಕರಣ ತಪ್ಪಿದ ಆಡುಮಾತು. ಅವನಿಗೆ ಪುಸ್ತಕದ ಕನ್ನಡ ಹಾಕಿದರೆ ಪಾತ್ರ ಸತ್ತುಹೋಗುತ್ತದೆ. ನಿಮ್ಮ ಊರಿನ ಆಡುನುಡಿಯನ್ನೇ ಕೊಡಿ. ಮಲ್ಪೆಯದೋ ಕಾರವಾರದ್ದೋ ಕರಾವಳಿಯ ಕನ್ನಡ ಬಲ್ಲವರಾದರೆ ನಾವಿಕನಿಗೆ ಅದಕ್ಕಿಂತ ಒಪ್ಪುವುದು ಬೇರಿಲ್ಲ. ಆದರೆ ತನಗೆ ಬಾರದ ಊರಿನ ಮಾತನ್ನು ನಗಿಸುವುದಕ್ಕಾಗಿ ಅಣಕಿಸುವುದು ಬೇಡ.

ಸಿಂದಬಾದನ ಆರಂಭದ ಹಾಡು ಈ ಕೆಲಸದ ಅತ್ಯಂತ ಸ್ವಾರಸ್ಯದ ಭಾಗ. ತಾನೆಂಥ ಅಸಾಧಾರಣ ಪುರುಷ ಎಂದು ಆತ ಕೇಳುವುದು, ಅವನ ಮೃಗಗಳೂ ರಾಕ್ಷಸರೂ ಒಕ್ಕೊರಲಿನಿಂದ ಅವನ ಹೆಸರನ್ನೇ ಹೇಳುವುದು, ಇವೆಲ್ಲ ನಮ್ಮ ಯಕ್ಷಗಾನದ ಒಡ್ಡೋಲಗದಲ್ಲಿ ರಾಕ್ಷಸ ವೇಷ ‘ಬಲ್ಲಿರೇನಯ್ಯಾ’ ಎಂದು ತೊಡಗಿ ಭಾಗವತರಿಂದ ಹೂಂಗುಟ್ಟಿಸಿಕೊಳ್ಳುತ್ತ ತನ್ನ ಪ್ರತಾಪವನ್ನು ಸಾರಿಕೊಳ್ಳುವ ಹಾಗೆಯೇ ಇದೆ. ಹಾಡನ್ನು ಹಾಡಾಗಿ ಅನುವಾದಿಸಬೇಡಿ. ಸಂಗೀತ ಹಿಂದೆ ನಡೆಯುತ್ತಿರಲಿ, ಅದರ ಮೇಲೆ ಅರ್ಥಗಾರಿಕೆಯ ಗತ್ತಿನ ಸ್ವತಂತ್ರ ಗದ್ಯದಲ್ಲಿ ಅವನ ಆತ್ಮಪ್ರಶಂಸೆಯನ್ನು ಹೇಳಿಸಿ. ಹಾಡಿನ ಸಾಲುಗಳ ಅನುವಾದದಿಂದ ಹುಟ್ಟುವ ಹಕ್ಕಿನ ತೊಡಕಿನಿಂದಲೂ ದೂರ ಉಳಿದಂತಾಯಿತು. ಅದೇ ಹೊಗಳಿಕೆ ಚಿತ್ರದ ಕೊನೆಗೆ ಪಾಪಾಯ್‌ನ ಪಾಲಾಗುತ್ತದೆ, ಆದ್ದರಿಂದ ಮೊದಲು ಬಳಸಿದ ಬಿರುದುಗಳನ್ನೇ ಕೊನೆಯಲ್ಲೂ ಬಳಸಿ.

ಐದನೆಯ ಹೆಜ್ಜೆ: ಉಪಶೀರ್ಷಿಕೆ

ಡಬ್ಬಿಂಗ್ ಮಾಡುವ ಸೌಕರ್ಯ ಇಲ್ಲದವರು ಇಲ್ಲಿಗೇ ನಿಲ್ಲಬಹುದು, ಇದೊಂದೇ ಸಾಕಷ್ಟು ಬೆಲೆಯುಳ್ಳ ಕೆಲಸ. ಸಬ್‌ಟೈಟಲ್ ಎಡಿಟ್ ಅಥವಾ ಏಜಿಸಬ್ ಎಂಬ ಉಚಿತ ತಂತ್ರಾಂಶದಲ್ಲಿ ವಿಡಿಯೊ ತೆರೆದು, ಪ್ರತಿ ಮಾತಿಗೂ ಆರಂಭ ಮತ್ತು ಅಂತ್ಯದ ಸಮಯ ಹೊಂದಿಸಿ, ಎಸ್‌ಆರ್‌ಟಿ ಕಡತವಾಗಿ, ಅಂದರೆ ಮಾತು ಮತ್ತು ಅದರ ಸಮಯವಷ್ಟೇ ಇರುವ ಪಠ್ಯ ಕಡತವಾಗಿ ಉಳಿಸಿ. ಉಳಿಸುವಾಗ ಎನ್‌ಕೋಡಿಂಗ್ ಯುಟಿಎಫ್-8 ಇರಬೇಕು, ಇಲ್ಲದಿದ್ದರೆ ಕನ್ನಡದ ಬದಲು ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ. ಒಮ್ಮೆಗೆ ಎರಡು ಸಾಲು, ಸಾಲಿಗೆ ನಾಲ್ಕೈದು ಪದ ಮೀರದಿರಲಿ. ಓದಲು ಕಲಿಯುತ್ತಿರುವ ಮಕ್ಕಳಿಗಾದರೆ ಇನ್ನೂ ಕಡಿಮೆ ಮಾಡಿ, ಗೊಣಗಾಟದಲ್ಲಿ ಅರ್ಧವನ್ನು ಬಿಟ್ಟುಬಿಡಿ.

ಅಕ್ಷರಗಳನ್ನು ಚಿತ್ರದ ಮೇಲೆಯೇ ಅಚ್ಚೊತ್ತುವುದಾದರೆ ಮೊದಲು ‘ಶಸ್ತ್ರಾಸ್ತ್ರ’, ‘ರಾಕ್ಷಸ’, ‘ಅರ್ಧ’ ಎಂಬಂಥ ಪದಗಳಿರುವ ಒಂದು ಸಾಲನ್ನು ಪರೀಕ್ಷೆಗಾಗಿ ಹಾಕಿ ನೋಡಿ. ಕೆಲವು ಸಂಕಲನ ತಂತ್ರಾಂಶಗಳಲ್ಲಿ ಒತ್ತಕ್ಷರಗಳು ಕೆಳಗಿಳಿಯದೆ ಅರ್ಧಾಕ್ಷರಗಳಾಗಿ ಬಿಡಿಬಿಡಿಯಾಗಿ ನಿಲ್ಲುತ್ತವೆ, ಅರ್ಕಾವೊತ್ತು ತನ್ನ ಜಾಗ ಬಿಟ್ಟು ಅಲೆಯುತ್ತದೆ. ಹಾಗಾದರೆ ಉಚಿತ ವಿಡಿಯೊ ತಂತ್ರಾಂಶವಾದ ಎಫ್‌ಎಫ್‌ಎಂಪೆಗ್‌ನ ಉಪಶೀರ್ಷಿಕೆ ಸೌಲಭ್ಯವನ್ನು ನೋಟೊ ಸಾನ್ಸ್ ಕನ್ನಡ ಫಾಂಟಿನೊಂದಿಗೆ ಬಳಸಿ. ಅದು ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುತ್ತದೆ. ಎರಡು ಸಾಲುಗಳ ನಡುವೆ ಜಾಗ ಹೆಚ್ಚಿಗೆ ಬಿಡಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಬಾರದು.

ಆರನೆಯ ಹೆಜ್ಜೆ: ಧ್ವನಿ

ಈ ಚಿತ್ರದಲ್ಲಿ ಮಾತು, ಸಂಗೀತ, ಸದ್ದು ಎಲ್ಲವೂ ಒಂದೇ ಜಾಡಿನಲ್ಲಿ (ಟ್ರ್ಯಾಕ್) ಬೆರೆತಿವೆ. ಸಂಗೀತವನ್ನಷ್ಟೇ ಉಳಿಸಿ ಮಾತು ತೆಗೆದ ಜಾಡು ನಿಮಗೆ ಸಿಗುವುದಿಲ್ಲ. ಎರಡು ದಾರಿಗಳಿವೆ. ಮಾತು ಬರುವ ಕಡೆ ಮೂಲದ ಧ್ವನಿಯನ್ನು ತಗ್ಗಿಸಿ ಮೇಲೆ ಕನ್ನಡ ಹೇಳಿಸುವುದು ಒಂದು. ಡೆಮುಕ್ಸ್‌ನಂಥ ಉಚಿತ ತಂತ್ರಾಂಶದಿಂದ ಕಂಠವನ್ನು ಬೇರ್ಪಡಿಸಿ, ಉಳಿದ ಸಂಗೀತದ ಮೇಲೆ ಹೊಸ ಧ್ವನಿ ಕೂರಿಸುವುದು ಇನ್ನೊಂದು. ಎರಡನೆಯದು ಹೆಚ್ಚು ಸೊಗಸು, ಆದರೆ ಹಳೆಯ ಧ್ವನಿಯಲ್ಲಿ ಏಟಿನ ಸದ್ದುಗಳೂ ಕಂಠದ ಜೊತೆ ಹೊರಟುಹೋಗುವುದುಂಟು. ಅಂಥ ಕಡೆ ಮೂಲ ಜಾಡಿನಿಂದ ಆ ಕ್ಷಣವನ್ನಷ್ಟೇ ಕತ್ತರಿಸಿ ಮರಳಿ ಅಂಟಿಸಬೇಕು. ಗುರುತಿನ ಹಾಡು ಬರುವ ಭಾಗವನ್ನು ಎರಡೂ ದಾರಿಯಲ್ಲಿ ಮುಟ್ಟಬೇಡಿ.

ಧ್ವನಿಮುದ್ರಣಕ್ಕೆ ಸ್ಟುಡಿಯೋ ಬೇಕಿಲ್ಲ. ಫ್ಯಾನ್ ನಿಲ್ಲಿಸಿದ, ಬಟ್ಟೆ ಹಾಸಿಗೆಗಳಿರುವ ಸಣ್ಣ ಕೋಣೆ, ಒಂದು ಸಾಧಾರಣ ಮೈಕು, ಆಡಾಸಿಟಿ ತಂತ್ರಾಂಶ ಇದ್ದರೆ ನಡೆಯುತ್ತದೆ. ಇಂದಿನ ಮೈಕಿನ ನಿಚ್ಚಳ ಧ್ವನಿ 1936ರ ಸಂಗೀತದ ಮೇಲೆ ಎದ್ದು ಕಾಣುವುದರಿಂದ, ಸುಮಾರು 7 ಕಿಲೋಹರ್ಟ್ಸ್‌ಗಿಂತ ಮೇಲಿನ ಸ್ವರಾಂಶವನ್ನು ಮೆಲ್ಲಗೆ ತಗ್ಗಿಸಿ, ಧ್ವನಿಯನ್ನು ಮಾನೋ, ಅಂದರೆ ಒಂದೇ ಜಾಡಿನದಾಗಿಯೇ ಇಡಿ. ಸಿಂದಬಾದನ ಪಾತ್ರಕ್ಕೆ ಗಸ್ ವಿಕಿ ಕೊಟ್ಟಿರುವ ತಳಗಂಭೀರ ಕಂಠಕ್ಕೆ ಎದೆತುಂಬಿ ಮಾತಾಡಬಲ್ಲವರೇ ಬೇಕು. ಊರಿನ ಹವ್ಯಾಸಿ ನಾಟಕ ತಂಡದಲ್ಲಿ ಅಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ಆಲಿವ್‌ಳ ಧ್ವನಿ ಮೇ ಕ್ವೆಸ್ಟೆಲ್ ಅವರದು. ಅದನ್ನು ನಕಲು ಮಾಡಲು ಹೋಗದೆ ನಿಮ್ಮ ಕಲಾವಿದೆಯ ಸ್ವಂತ ಧ್ವನಿಯನ್ನೇ ನಂಬಿ.

ಏಳನೆಯ ಹೆಜ್ಜೆ: ತೋರಿಸುವುದು, ಹಂಚುವುದು

ಕೊನೆಯಲ್ಲಿ ಒಂದು ಹೆಸರುಫಲಕ ಸೇರಿಸಿ, ಅದರಲ್ಲಿ ನಿರ್ದೇಶಕ ಡೇವ್ ಫ್ಲೈಶರ್, ಮುಖ್ಯ ಆನಿಮೇಟರ್ ವಿಲರ್ಡ್ ಬೌಸ್ಕಿ, ಸಂಗೀತದ ಸ್ಯಾಮಿ ಟಿಂಬರ್ಗ್ ಮತ್ತು ಮೂಲ ಧ್ವನಿ ಕಲಾವಿದರ ಹೆಸರುಗಳನ್ನು ಕನ್ನಡದಲ್ಲಿ ಬರೆದು, ಅದರ ಕೆಳಗೆ ನಿಮ್ಮ ತಂಡದವರನ್ನು ಹೆಸರಿಸಿ. ಕಾನೂನು ಇದನ್ನು ಕೇಳುವುದಿಲ್ಲ, ನಾನು ಕೇಳುತ್ತೇನೆ. ಆ ಕಲಾವಿದರಿಗೆ ನಾವು ಕೊಡಬಹುದಾದದ್ದು ಇಷ್ಟೇ. ನೀವು ಬರೆದ ಕನ್ನಡದ ಮಾತು, ನಿಮ್ಮ ಧ್ವನಿಮುದ್ರಣ ನಿಮ್ಮದೇ ಕೃತಿಸ್ವಾಮ್ಯಕ್ಕೆ ಸೇರುತ್ತವೆ. ಬೇರೆ ಶಾಲೆಗಳೂ ಬಳಸಲಿ ಎಂದಿದ್ದರೆ ಇತರರು ಬಳಸಲು ಮೊದಲೇ ಅನುಮತಿ ಕೊಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಹೆಸರನ್ನು ಅದೇ ಫಲಕದಲ್ಲಿ ಸ್ಪಷ್ಟವಾಗಿ ಬರೆಯಿರಿ, ಧ್ವನಿ ಕೊಟ್ಟವರಿಂದ ಮೊದಲೇ ಲಿಖಿತ ಒಪ್ಪಿಗೆ ಪಡೆಯಿರಿ.

ಮನೆಯಲ್ಲಿ, ತರಗತಿಯಲ್ಲಿ ತೋರಿಸಲು ಅಡ್ಡಿಯಿಲ್ಲ. ಟಿಕೆಟ್ ಇಟ್ಟು ಸಭಾಂಗಣದಲ್ಲಿ ಸಾರ್ವಜನಿಕರಿಗೆ ತೋರಿಸುವುದಾದರೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಮಾಣಪತ್ರದ ಪ್ರಶ್ನೆ ಬರುತ್ತದೆ. ಕೃತಿಸ್ವಾಮ್ಯ ತೀರಿದ ಚಿತ್ರಕ್ಕೂ ಆ ಕಾಯ್ದೆ ಅನ್ವಯಿಸುವುದರಿಂದ ಮೊದಲೇ ವಿಚಾರಿಸಿಕೊಳ್ಳಿ.

ಯೂಟ್ಯೂಬಿಗೆ ಏರಿಸಿದಾಗ ಸ್ವಯಂಚಾಲಿತ ವ್ಯವಸ್ಥೆಯಿಂದ ಹಕ್ಕಿನ ದಾವೆಯ ಸೂಚನೆ ಬರಬಹುದು. ಗಾಬರಿಯಿಂದ ವಿಡಿಯೊ ತೆಗೆದುಹಾಕಬೇಡಿ, ಸಿಟ್ಟಿನಿಂದ ಉತ್ತರಿಸಲೂ ಬೇಡಿ. ದಾವೆ ಯಾವ ನಿಮಿಷದಿಂದ ಯಾವ ನಿಮಿಷಕ್ಕೆ ಇದೆ, ಚಿತ್ರದ್ದೋ ಸಂಗೀತದ್ದೋ ಎಂಬುದನ್ನು ಓದಿ. ಅದು ಗುರುತಿನ ಹಾಡಿನ ಭಾಗವಾದರೆ ಆ ಕೆಲವು ಸೆಕೆಂಡುಗಳ ಧ್ವನಿಯನ್ನು ತಗ್ಗಿಸುವುದೇ ಸುಲಭದ ಪರಿಹಾರ. ಇಡೀ ಚಿತ್ರದ ಮೇಲಿನದಾದರೆ, 1936ರಲ್ಲಿ ಪ್ರಕಟವಾದದ್ದು, ನವೀಕರಣವಾಗಿಲ್ಲ, ಬಳಸಿದ ಪ್ರತಿ ಇಂಥ ಕೊಂಡಿಯಲ್ಲಿ ಸಿಕ್ಕಿದ್ದು ಎಂಬ ಮೂರು ಸಂಗತಿಗಳನ್ನಷ್ಟೇ ಬರೆದು ಆಕ್ಷೇಪಣೆ ಸಲ್ಲಿಸಿ. ಮೊದಲ ಹೆಜ್ಜೆಯಲ್ಲಿ ನೋಡಿದ ನೋಂದಣಿ ಪುಟಗಳ ಚಿತ್ರಗಳನ್ನು, ಮೂಲ ವಿಡಿಯೊವನ್ನು, ಎಸ್‌ಆರ್‌ಟಿ ಕಡತವನ್ನು, ಬೆರೆಸುವ ಮುನ್ನಿನ ಧ್ವನಿ ಕಡತಗಳನ್ನು ಎರಡು ಕಡೆ ಜೋಪಾನವಾಗಿಡಿ. ಆಕ್ಷೇಪಣೆಗೂ ಬೇಕಾಗುತ್ತವೆ, ಮುಂದೆ ಆಲಿಬಾಬಾ ಚಿತ್ರವನ್ನು ಕೈಗೆತ್ತಿಕೊಂಡಾಗ ಪಾಪಾಯ್‌ನ ಮಾತಿನ ಧಾಟಿಯನ್ನು ಹೊಂದಿಸಿಕೊಳ್ಳಲೂ ಬೇಕಾಗುತ್ತವೆ.